ಕೇರಳ ಲಾಟರಿ: ಐವತ್ತು ರೂಪಾಯಿಗೆ ಸರ್ಕಾರ ಮಾರುತ್ತಿರುವುದೇನು?

ಕೇರಳ ಸರ್ಕಾರ ದಿನಕ್ಕೊಂದು ಲಾಟರಿ ನಡೆಸುತ್ತದೆ. ಟಿಕೆಟ್ಟಿಗೆ 50 ರೂಪಾಯಿ, ಮೊದಲ ಬಹುಮಾನ 1 ಕೋಟಿ, ಮಧ್ಯಾಹ್ನ ಮೂರು ಗಂಟೆಗೆ ಡ್ರಾ. ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟ ನಿಷೇಧವಾಗಿದ್ದರೂ ಕಾಸರಗೋಡು, ವಯನಾಡು ಕಡೆ ಹೋದವರು ಒಂದೆರಡು ಟಿಕೆಟ್ ಜೇಬಿಗೆ ಹಾಕಿಕೊಂಡೇ ಬರುತ್ತಾರೆ. 2024ರ ಓಣಂ ಬಂಪರ್‌ನ 25 ಕೋಟಿ ಪಾಂಡವಪುರದ ಒಬ್ಬ ಮೆಕ್ಯಾನಿಕ್‌ಗೆ ಬಂದ ಮೇಲೆ ಈ ಆಸೆ ಇನ್ನಷ್ಟು ಬೆಳೆಯಿತು. ಹಾಗಾಗಿ ಬೇರೆ ಯಾವುದೇ ಸರಕನ್ನು ತೂಗಿ ನೋಡುವಂತೆ ಇದನ್ನೂ ನೋಡುವುದು ಒಳ್ಳೆಯದು. ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ? ಮಾರುವವರು ಪೂರ್ತಿ ನಿಜ ಹೇಳುತ್ತಾರೆಯೇ? ಎಡವಟ್ಟಾದರೆ ನಷ್ಟ ಯಾರ ತಲೆಗೆ? ಮಾರುವುದು ಖಾಸಗಿ ಕಂಪನಿಯಾಗಿದ್ದರೆ ಈ ಪ್ರಶ್ನೆಗಳು ವ್ಯಾಪಾರದ ಪ್ರಶ್ನೆಗಳಾಗಿ ಉಳಿಯುತ್ತಿದ್ದವು. ಮಾರುತ್ತಿರುವುದು ಸರ್ಕಾರವಾದ್ದರಿಂದ ಇವು ನೀತಿಯ ಪ್ರಶ್ನೆಗಳೂ ಹೌದು.

ಮೊದಲು ಒಪ್ಪಿಕೊಳ್ಳಬೇಕಾದ ಗುಣ. ಡ್ರಾದ ವಿಷಯದಲ್ಲಿ ಈ ಲಾಟರಿಗೆ ಒಳ್ಳೆಯ ಹೆಸರಿದೆ, ಅದನ್ನು ದುಡಿದು ಗಳಿಸಿದೆ. 1967ರಲ್ಲಿ ಖಾಸಗಿ ಲಾಟರಿಗಳನ್ನು ನಿಲ್ಲಿಸಿ, ಹಣಕಾಸು ಸಚಿವ ಪಿ.ಕೆ. ಕುಂಞು ಅವರ ಕಾಲದಲ್ಲಿ ಸರ್ಕಾರವೇ ಲಾಟರಿ ಶುರುಮಾಡಿತು. ಆಗ ಟಿಕೆಟ್ಟಿಗೆ 1 ರೂಪಾಯಿ, ಮೊದಲ ಬಹುಮಾನ 50,000. ಮೊದಲ ಡ್ರಾ ನಡೆದದ್ದು 1968ರ ಜನವರಿ 26ರಂದು. ಈಗ ಡ್ರಾ ತಿರುವನಂತಪುರದ ಬೇಕರಿ ಜಂಕ್ಷನ್ ಹತ್ತಿರದ ಗೋರ್ಕಿ ಭವನದಲ್ಲಿ, ತೀರ್ಪುಗಾರರ ಎದುರು, ಯಂತ್ರ ತಿರುಗಿಸಿ ನಡೆಯುತ್ತದೆ. ಕೆಲವು ರಾಜ್ಯಗಳು ತಮ್ಮ ಹೆಸರನ್ನು ಕೊಟ್ಟು ವ್ಯವಹಾರವನ್ನು ವಿತರಕ ಕಂಪನಿಗಳ ಕೈಗೆ ಬಿಡುತ್ತವೆ. ಕೇರಳದಲ್ಲಿ ಮುದ್ರಣ, ಹಂಚಿಕೆ, ಡ್ರಾ, ಬಹುಮಾನ ಪಾವತಿ ಎಲ್ಲವೂ ಸರ್ಕಾರದ ಹಿಡಿತದಲ್ಲೇ ಇವೆ. ಗೆದ್ದ ಟಿಕೆಟ್ ಅಸಲಿಯಾಗಿದ್ದು ಕಾಗದಪತ್ರ ಸರಿಯಿದ್ದರೆ ಹಣ ಬರುತ್ತದೆ. ಈ ವ್ಯವಹಾರದಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ಬೆಲೆಯ ಲೆಕ್ಕ. ದಿನದ ಟಿಕೆಟ್ಟಿನಲ್ಲಿ ಎರಡು ಇಂಗ್ಲಿಷ್ ಅಕ್ಷರಗಳ ಸೀರೀಸ್, ಅದರ ಮುಂದೆ ಆರು ಅಂಕಿ ಇರುತ್ತವೆ. ಒಟ್ಟು 12 ಸೀರೀಸ್, ಒಂದೊಂದರಲ್ಲಿ 9 ಲಕ್ಷ ಸಂಖ್ಯೆ. ಅಂದರೆ ಒಂದು ಡ್ರಾಗೆ 1 ಕೋಟಿ 8 ಲಕ್ಷ ಟಿಕೆಟ್, ಮೊದಲ ಬಹುಮಾನ ಒಂದೇ ಟಿಕೆಟ್ಟಿಗೆ. ಆ ಕೋಟಿಯನ್ನು ಎಲ್ಲ ಟಿಕೆಟ್ಟುಗಳಿಗೂ ಹಂಚಿದರೆ ಒಂದಕ್ಕೆ ಬರುವುದು 93 ಪೈಸೆ. ಜನ ಟಿಕೆಟ್ ಕೊಳ್ಳುವುದೇ ಕೋಟಿಯ ಕನಸಿಗೆ, ಆದರೆ ಕೊಟ್ಟ 50 ರೂಪಾಯಿಯಲ್ಲಿ ಆ ಕನಸಿನ ಪಾಲು ಒಂದು ರೂಪಾಯಿಯೂ ಇಲ್ಲ.

ದಿನಕ್ಕೊಂದರಂತೆ ವರ್ಷವಿಡೀ ಕೊಂಡರೆ ಖರ್ಚು 18,250 ರೂಪಾಯಿ. ಆ ವರ್ಷ ಮೊದಲ ಬಹುಮಾನ ಬರುವ ಸಾಧ್ಯತೆ ಸುಮಾರು 29,600ರಲ್ಲಿ ಒಂದು. ಸಾಧ್ಯತೆ ಅರ್ಧಕ್ಕರ್ಧ ಆಗಬೇಕಾದರೆ ಇಪ್ಪತ್ತು ಸಾವಿರ ವರ್ಷಕ್ಕೂ ಹೆಚ್ಚು ಕಾಲ ದಿನಾ ಒಂದು ಟಿಕೆಟ್ ಕೊಳ್ಳುತ್ತಿರಬೇಕು.

ಕೆಳಗಿನ ಬಹುಮಾನಗಳಿಗೆ ಬೇರೆ ಲೆಕ್ಕ. ಅವು ಕೊನೆಯ ನಾಲ್ಕು ಅಂಕಿಗೆ ಸಿಗುತ್ತವೆ, ಸೀರೀಸ್ ಯಾವುದಾದರೂ ಸರಿ. ಎತ್ತಿದ ಒಂದು ನಾಲ್ಕಂಕಿ ಸಂಖ್ಯೆಗೆ 1,080 ಟಿಕೆಟ್ ಗೆಲ್ಲುತ್ತವೆ. ಹಾಗಾಗಿ ಒಂದು ಟಿಕೆಟ್ಟಿನ ಮಟ್ಟಿಗೆ ಆ ಒಂದು ಸಂಖ್ಯೆ ಹೊಂದುವ ಸಾಧ್ಯತೆ ಹತ್ತು ಸಾವಿರದಲ್ಲಿ ಒಂದು. ಫಲಿತಾಂಶದ ಹಾಳೆ ಮುಂದಿಟ್ಟುಕೊಂಡು ಯಾರು ಬೇಕಾದರೂ ಲೆಕ್ಕ ಹಾಕಬಹುದು: ಒಂದು ಬಹುಮಾನದ ಮೊತ್ತವನ್ನು ಅದಕ್ಕೆ ಎತ್ತಿದ ಸಂಖ್ಯೆಗಳ ಎಣಿಕೆಯಿಂದ ಗುಣಿಸಿ, ಹತ್ತು ಸಾವಿರದಿಂದ ಭಾಗಿಸಿ. ಉದಾಹರಣೆಗೆ 1,000 ರೂಪಾಯಿಯ ಬಹುಮಾನಕ್ಕೆ 30 ಸಂಖ್ಯೆ ಎತ್ತಿದ್ದರೆ ಒಂದು ಟಿಕೆಟ್ಟಿನ ಪಾಲಿಗೆ 3 ರೂಪಾಯಿ. ಎಲ್ಲ ಸಾಲುಗಳನ್ನೂ ಹೀಗೆ ಕೂಡಿಸಿ ಬಂದ ಮೊತ್ತವನ್ನು 50ರ ಪಕ್ಕದಲ್ಲಿಡಿ. ಆ ಎರಡರ ಅಂತರವೇ ಈ ಟಿಕೆಟ್ಟಿನ ನಿಜವಾದ ಬೆಲೆ. ಕಡಿಮೆ ಮೊತ್ತದ ಬಹುಮಾನಗಳಿಗೇ ಹೆಚ್ಚು ಸಂಖ್ಯೆ ಎತ್ತುವುದರಿಂದ ಆಗಾಗ ನೂರೋ ಇನ್ನೂರೋ ಬರುತ್ತಿರುತ್ತದೆ. ಬಂದದ್ದು ಬಹುತೇಕ ಅದೇ ಅಂಗಡಿಯಲ್ಲಿ ಮುಂದಿನ ಟಿಕೆಟ್ಟಿಗೆ ಹೋಗುತ್ತದೆ. ಚಟ ಕಚ್ಚಿಕೊಳ್ಳುವುದು ಕೋಟಿಯಿಂದಲ್ಲ, ಈ ನೂರರಿಂದ.

ತೆರಿಗೆಯ ಪಾಲನ್ನೂ ಬಿಡಿಸಿ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ಲಾಟರಿ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 40ಕ್ಕೆ ಏರಿದೆ. ಟಿಕೆಟ್ ಬೆಲೆಯೊಳಗೇ ತೆರಿಗೆ ಸೇರಿರುವುದರಿಂದ 50 ರೂಪಾಯಿಯಲ್ಲಿ 14 ರೂಪಾಯಿ 29 ಪೈಸೆ ಜಿಎಸ್‌ಟಿ. ಅದರ ಅರ್ಧ ರಾಜ್ಯಕ್ಕೆ, ಅರ್ಧ ಕೇಂದ್ರಕ್ಕೆ. ಲಾಟರಿಯಿಂದ ಸರ್ಕಾರಕ್ಕೆ ಉಳಿಯುವುದು ತೀರಾ ಕಡಿಮೆ, ಬಹುಪಾಲು ಬಹುಮಾನವಾಗಿ ಜನರಿಗೇ ಮರಳುತ್ತದೆ ಎಂಬ ಸಮರ್ಥನೆ ಆಗಾಗ ಕೇಳಿಬರುತ್ತದೆ. ಲಾಭದ ಸಾಲನ್ನಷ್ಟೇ ಓದಿದರೆ ಹಾಗೆ ಕಾಣಬಹುದು. ರಾಜ್ಯದ ಪಾಲಿನ ಜಿಎಸ್‌ಟಿ, ಯಾರೂ ಕೇಳದೆ ಉಳಿದ ಬಹುಮಾನದ ಹಣ, ಇವನ್ನೂ ಅದೇ ಪುಟದಲ್ಲಿ ಕೂಡಿಸಿ ತೋರಿಸಿದಾಗ ಮಾತ್ರ ಲೆಕ್ಕ ಪ್ರಾಮಾಣಿಕ.

ಇನ್ನು ಗೆದ್ದವರ ವಿಷಯ. ಇಲ್ಲಿ ಸೇವೆಯಲ್ಲಿ ದೊಡ್ಡದೊಂದು ತೂತಿದೆ. 1 ಕೋಟಿ ಗೆದ್ದವರಿಗೆ 1 ಕೋಟಿ ಬರುವುದಿಲ್ಲ ಎಂಬುದು ಸಾಮಾನ್ಯವಾಗಿ ಎಲ್ಲರಿಗೂ ಗೊತ್ತು, ಎಷ್ಟು ಬರುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಮೊದಲು ಶೇ. 10 ಏಜೆಂಟ್ ಕಮಿಷನ್ ಹೋಗುತ್ತದೆ, ಉಳಿಯುವುದು 90 ಲಕ್ಷ. ಅದರ ಮೇಲೆ ಶೇ. 30 ಆದಾಯ ತೆರಿಗೆಯನ್ನು ಮೂಲದಲ್ಲೇ ಹಿಡಿಯುತ್ತಾರೆ, ಅಂದರೆ 27 ಲಕ್ಷ. ಖಾತೆಗೆ ಬೀಳುವುದು 63 ಲಕ್ಷ. ಎಡವುವುದು ಇಲ್ಲೇ. ಆದಾಯ 50 ಲಕ್ಷ ದಾಟಿದ್ದರಿಂದ ತೆರಿಗೆಯ ಮೇಲೆ ಶೇ. 10 ಸರ್ಚಾರ್ಜ್, ಅದೆರಡರ ಮೇಲೆ ಶೇ. 4 ಸೆಸ್ ಸೇರಿ ಒಟ್ಟು ತೆರಿಗೆ 30 ಲಕ್ಷ 88 ಸಾವಿರದ ಮೇಲಾಗುತ್ತದೆ. ಇಲಾಖೆ ಹಿಡಿದಿರುವುದು 27 ಲಕ್ಷ ಮಾತ್ರ. ಉಳಿದ 3 ಲಕ್ಷ 88 ಸಾವಿರ ಚಿಲ್ಲರೆಯನ್ನು ಗೆದ್ದವರೇ ಮುಂಗಡ ತೆರಿಗೆಯಾಗಿ ಕಟ್ಟಬೇಕು, ತಡವಾದರೆ ಬಡ್ಡಿ. ಕೊನೆಗೆ ಕೈಯಲ್ಲಿ ನಿಲ್ಲುವುದು ಸುಮಾರು 59 ಲಕ್ಷ.

25 ಕೋಟಿಯ ಓಣಂ ಬಂಪರ್‌ನಲ್ಲಿ ಈ ಅಂತರ ಭಯ ಹುಟ್ಟಿಸುವಷ್ಟಿದೆ. ಕಮಿಷನ್ ಮತ್ತು ಮೂಲದ ತೆರಿಗೆ ಕಳೆದು ಖಾತೆಗೆ ಬರುವುದು 15 ಕೋಟಿ 75 ಲಕ್ಷ. ಅದರ ನಂತರ ಹೊಸ ತೆರಿಗೆ ಪದ್ಧತಿಯಲ್ಲಾದರೆ ಶೇ. 25 ಸರ್ಚಾರ್ಜ್ ಮತ್ತು ಸೆಸ್ ಲೆಕ್ಕದಲ್ಲಿ ಇನ್ನೂ 2 ಕೋಟಿಗೂ ಹೆಚ್ಚು, ಹಳೆಯ ಪದ್ಧತಿಯಲ್ಲಾದರೆ ಶೇ. 37ರ ಲೆಕ್ಕದಲ್ಲಿ ಸುಮಾರು 2 ಕೋಟಿ 87 ಲಕ್ಷ ಕಟ್ಟಬೇಕು. ಬಂದ ಹಣವನ್ನೆಲ್ಲ ಜಮೀನಿಗೋ ಮನೆಗೋ ಹಾಕಿ ಕುಳಿತವರಿಗೆ ತೆರಿಗೆ ನೋಟಿಸು ಬಂದರೆ ಕೊಂಡದ್ದನ್ನೇ ಮಾರಬೇಕಾಗುತ್ತದೆ. ಲಾಟರಿ ಆದಾಯಕ್ಕೆ ಕನಿಷ್ಠ ಮಿತಿಯ ವಿನಾಯಿತಿ ಇಲ್ಲ, ಇಲ್ಲಿಯವರೆಗೆ ಟಿಕೆಟ್ಟಿಗೆ ಸುರಿದದ್ದನ್ನು ಖರ್ಚೆಂದು ಕಳೆಯುವಂತೆಯೂ ಇಲ್ಲ. ದೊಡ್ಡ ಬಹುಮಾನ ಗೆದ್ದವರಿಗೆ ಹಣ ನಿರ್ವಹಣೆಯ ತರಬೇತಿ ಕೊಡುವ ಕೆಲಸಕ್ಕೆ ಸರ್ಕಾರ ಕೈಹಾಕಿರುವುದು ಒಳ್ಳೆಯದೇ. ಆದರೆ ಖಾತೆಗೆ ಹಣ ಹಾಕುವ ದಿನವೇ ‘ಇಷ್ಟನ್ನು ತೆರಿಗೆಗೆ ತೆಗೆದಿಡಿ’ ಎಂದು ಮೊತ್ತ ಬರೆದ ಒಂದು ಚೀಟಿ ಕೊಟ್ಟರೆ ತರಬೇತಿಗಿಂತ ಹೆಚ್ಚು ಉಪಕಾರವಾಗುತ್ತದೆ.

ಬಹುಮಾನ ಪಡೆಯುವ ಕ್ರಮ ಸರಳ, ಆದರೆ ಒಂದು ಹೆಜ್ಜೆ ತಪ್ಪಿದರೆ ಕಷ್ಟ. ಕೊಂಡ ಕೂಡಲೇ ಟಿಕೆಟ್ಟಿನ ಹಿಂಬದಿ ಹೆಸರು, ವಿಳಾಸ ಬರೆದು ಸಹಿ ಹಾಕಬೇಕು. ಸಹಿ ಇಲ್ಲದ ಟಿಕೆಟ್ ಯಾರ ಕೈಯಲ್ಲಿದೆಯೋ ಅವರದೇ ಎಂಬಂತಾಗುತ್ತದೆ, ಜಗಳಗಳು ಹುಟ್ಟುವುದು ಅಲ್ಲಿಂದ. ಪೇಪರಿನಲ್ಲಿ ಬಂದ ಫಲಿತಾಂಶವನ್ನು ಸರ್ಕಾರಿ ಗೆಜೆಟ್ಟಿನ ಜೊತೆ ತಾಳೆ ನೋಡಬೇಕು, ಏಕೆಂದರೆ ಒಂದು ಅಂಕಿಯ ಅಚ್ಚುತಪ್ಪು ಸಾಕು. ಡ್ರಾ ಆದ 30 ದಿನದೊಳಗೆ ಟಿಕೆಟ್ ಒಪ್ಪಿಸಬೇಕು. 5,000 ರೂಪಾಯಿವರೆಗಿನದನ್ನು ಲಾಟರಿ ಅಂಗಡಿಯಲ್ಲೇ ಪಡೆಯಬಹುದು, ಅದಕ್ಕಿಂತ ಮೇಲಿನದಕ್ಕೆ ಲಾಟರಿ ಕಚೇರಿಗೋ ಬ್ಯಾಂಕಿಗೋ ಹೋಗಬೇಕು. ಟಿಕೆಟ್ಟಿನ ಎರಡೂ ಬದಿಯ ದೃಢೀಕರಿಸಿದ ನಕಲು, ಫೋಟೊ, ರೆವಿನ್ಯೂ ಸ್ಟ್ಯಾಂಪ್ ಅಂಟಿಸಿದ ರಸೀದಿ, ಗುರುತಿನ ಚೀಟಿ, ಪ್ಯಾನ್ ಕಾರ್ಡ್ ಬೇಕು. ಅಸಲಿ ಟಿಕೆಟ್ ಕೊಡುವ ಮುಂಚೆ ಅದರ ನಕಲು ನಿಮ್ಮ ಹತ್ತಿರ ಇರಲಿ. ಹರಿದದ್ದು, ನೆನೆದದ್ದು, ಅಂಕಿ ಅಳಿಸಿದ್ದು ಸಿಕ್ಕಿಹಾಕಿಕೊಳ್ಳುತ್ತದೆ.

ಪಾಲುಗಾರಿಕೆಯಲ್ಲಿ ಕೊಳ್ಳುವವರು ಮೊದಲೇ ಒಂದು ಕಾಗದ ಬರೆದಿಟ್ಟುಕೊಳ್ಳಲಿ: ಯಾರು ಎಷ್ಟು ಹಾಕಿದ್ದಾರೆ, ಟಿಕೆಟ್ ಯಾರ ಬಳಿ ಇದೆ, ಸಂಖ್ಯೆ ಏನು. 2023ರಲ್ಲಿ ಪರಪ್ಪನಂಗಾಡಿಯ 11 ಮಂದಿ ಹರಿತ ಕರ್ಮ ಸೇನೆಯ ಮಹಿಳೆಯರು, ಮನೆಮನೆಯ ಕಸ ಸಂಗ್ರಹಿಸುವವರು, 250 ರೂಪಾಯಿಯ ಮಾನ್ಸೂನ್ ಬಂಪರ್ ಟಿಕೆಟ್ಟನ್ನು ಕೂಡಿ ಕೊಂಡು 10 ಕೋಟಿ ಗೆದ್ದರು. ಆ ಸುದ್ದಿ ಓದಿ ಖುಷಿಪಡದವರಿಲ್ಲ. 250 ರೂಪಾಯಿ ಒಬ್ಬರಿಗೆ ಭಾರವಾಗಿದ್ದರಿಂದಲೇ ಅವರು ಕೂಡಿ ಕೊಂಡದ್ದು ಎಂಬ ಅರ್ಧ ಭಾಗ ಮಾತ್ರ ಬೇಗ ಮರೆತುಹೋಯಿತು.

ಕರ್ನಾಟಕದವರಿಗೆ ಎರಡು ಎಚ್ಚರಿಕೆ. ಕೇರಳದೊಳಗೆ ಹೋಗಿ ಕೊಂಡು, ಗೆದ್ದರೆ ಅಲ್ಲೇ ದಾಖಲೆ ಕೊಟ್ಟು ಹಣ ಪಡೆಯುವುದಕ್ಕೆ ಅಡ್ಡಿಯಿಲ್ಲ. ಆದರೆ ಅದೇ ಟಿಕೆಟ್ಟನ್ನು ಇಲ್ಲಿಗೆ ತಂದು ಮಾರುವುದು ಅಪರಾಧ. 1998ರ ಲಾಟರಿ ನಿಯಂತ್ರಣ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಕಠಿಣ ಸಜೆಗೆ ಅವಕಾಶವಿದೆ. ಎರಡನೆಯದು, ಕೇರಳದ್ದು ಕಾಗದದ ಲಾಟರಿ ಮಾತ್ರ. ಆ್ಯಪ್, ವಾಟ್ಸ್‌ಆ್ಯಪ್ ಗುಂಪು, ‘ಮನೆಗೇ ಟಿಕೆಟ್’ ಎಂಬ ಜಾಹೀರಾತು, ಇವೆಲ್ಲ ಮೋಸ. ಸಂಖ್ಯೆ ಬಂದಿದೆ, ಮೊದಲು ತೆರಿಗೆ ಕಟ್ಟಿ ಎಂದು ಫೋನ್ ಬಂದರೆ ಇಟ್ಟುಬಿಡಿ. ಇಲಾಖೆ ತೆರಿಗೆಯನ್ನು ಬಹುಮಾನದಿಂದಲೇ ಕಳೆಯುತ್ತದೆ, ಮುಂಚೆ ಕೇಳುವುದಿಲ್ಲ.

ಈಗ ನೀತಿಯ ಮಾತಿಗೆ ಬರೋಣ. ಸರ್ಕಾರ ನಡೆಸಿದರೂ ಲಾಟರಿ ಜೂಜೇ ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಬಿ.ಆರ್. ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಿದ್ದೂ ಅದಕ್ಕೆ ಅನುಮತಿ ಕೊಟ್ಟ 1998ರ ಕಾಯ್ದೆ ಕೆಲವು ಬೇಲಿಗಳನ್ನು ಹಾಕಿತು. ಒಂಟಿ ಅಂಕಿಗೆ ಬಹುಮಾನ ಇಡುವಂತಿಲ್ಲ. ಯಾವ ಲಾಟರಿಯೂ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ನಡೆಸುವಂತಿಲ್ಲ. ವರ್ಷಕ್ಕೆ ಬಂಪರ್ ಆರಕ್ಕಿಂತ ಹೆಚ್ಚಿರಬಾರದು. ಈ ಬೇಲಿಯ ಉದ್ದೇಶ ಒಂದೇ: ಜೂಜು ದಿನನಿತ್ಯದ್ದಾಗಬಾರದು.

ಕೇರಳ ಇದನ್ನು ಪಾಲಿಸುವ ರೀತಿ ನೋಡಿ. ಸೋಮವಾರ ಭಾಗ್ಯತಾರ, ಮಂಗಳವಾರ ಸ್ತ್ರೀಶಕ್ತಿ, ಬುಧವಾರ ಧನಲಕ್ಷ್ಮಿ, ಗುರುವಾರ ಕಾರುಣ್ಯ ಪ್ಲಸ್, ಶುಕ್ರವಾರ ಸುವರ್ಣ ಕೇರಳಂ, ಶನಿವಾರ ಕಾರುಣ್ಯ, ಭಾನುವಾರ ಸಮೃದ್ಧಿ. ಅದೇ ಬೆಲೆ, ಅದೇ ಮೊದಲ ಬಹುಮಾನ, ಅದೇ ಯಂತ್ರ, ಅದೇ ಕಟ್ಟಡ. ಹೆಸರು ಏಳಾದ್ದರಿಂದ ಲಾಟರಿಯೂ ಏಳು, ಪ್ರತಿಯೊಂದಕ್ಕೂ ವಾರಕ್ಕೊಂದೇ ಡ್ರಾ. ಬಂಪರ್‌ಗಳೂ ಸರಿಯಾಗಿ ಆರು: ಕ್ರಿಸ್‌ಮಸ್–ಹೊಸ ವರ್ಷ, ಬೇಸಿಗೆ, ವಿಷು, ಮಾನ್ಸೂನ್, ಓಣಂ, ಪೂಜಾ. ಕಾನೂನಿನ ಅಕ್ಷರ ಮುರಿದಿಲ್ಲ. ಆದರೆ ಏಳೂ ದಿನ ಜೂಜು ನಡೆಯುತ್ತಿದೆ. ಖಾಸಗಿಯವರು ಕಾಯ್ದೆಯಲ್ಲಿ ಹೀಗೆ ಸಂದಿ ಹುಡುಕಿದ್ದರೆ ಸರ್ಕಾರ ಸುಮ್ಮನಿರುತ್ತಿತ್ತೇ?

ಆ ಹೆಸರುಗಳನ್ನೂ ಇನ್ನೊಮ್ಮೆ ಓದಿ. ಸ್ತ್ರೀಶಕ್ತಿ ಅಂದರೆ ಮಹಿಳಾ ಕಲ್ಯಾಣದ ಯೋಜನೆ ಅನಿಸುತ್ತದೆ, ಕಾರುಣ್ಯ ಅಂದರೆ ದಾನ ಅನಿಸುತ್ತದೆ. ಕಾರುಣ್ಯದ ಹಿಂದೆ ನಿಜವಾದ ಒಂದು ಕೆಲಸವಿತ್ತು ಎಂಬುದನ್ನು ಮರೆಯಬಾರದು. ಕೆ.ಎಂ. ಮಾಣಿ ಹಣಕಾಸು ಸಚಿವರಾಗಿದ್ದಾಗ, 2011ರಲ್ಲಿ, ಈ ಲಾಟರಿ ಆರಂಭವಾಯಿತು. ಅದರ ಆದಾಯದಿಂದ ಕಾರುಣ್ಯ ನಿಧಿ ಕ್ಯಾನ್ಸರ್, ಹೃದಯ, ಮೂತ್ರಪಿಂಡದ ಕಾಯಿಲೆಯ ಬಡ ರೋಗಿಗಳ ಚಿಕಿತ್ಸೆಗೆ ನೆರವಾಯಿತು, ಜೀವಗಳು ಉಳಿದವು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಬಡವರ ಡಯಾಲಿಸಿಸ್‌ಗೆ ಹಣ ಹೊಂದಿಸುವುದು ಇಡೀ ಸಮಾಜದ ಹೊಣೆ. ಹೆಚ್ಚು ಗಳಿಸುವವರು ಹೆಚ್ಚು ಕೊಡಬೇಕಾದ ಜಾಗ ಅದು. ಲಾಟರಿಯಲ್ಲಿ ಕೂಲಿಕಾರನೂ ಬಂಗಲೆಯವನೂ ಕೊಡುವುದು ಅದೇ 50 ರೂಪಾಯಿ, ದಿನಾ ಕೊಡುವವನು ಹೆಚ್ಚಾಗಿ ಮೊದಲಿನವನೇ. ಅವನ ಕೂಲಿಯಲ್ಲಿ ಅದೆಷ್ಟು ದೊಡ್ಡ ಪಾಲು ಎಂದು ಯಾರೂ ಕೇಳುವುದಿಲ್ಲ. ಒಳ್ಳೆಯ ಕೆಲಸದ ಹೆಸರನ್ನು ಟಿಕೆಟ್ಟಿನ ಮೇಲೆ ಅಚ್ಚು ಹಾಕಿದಾಗ ಕಳೆದುಕೊಂಡವರು ತಮ್ಮ ನಷ್ಟವನ್ನು ದಾನವೆಂದು ಸಮಾಧಾನ ಮಾಡಿಕೊಳ್ಳುತ್ತಾರೆ, ಮರುದಿನ ಮತ್ತೆ ಕೊಳ್ಳುತ್ತಾರೆ. ಆಸ್ಪತ್ರೆಗೆ ಹಣ ಬೇಕಿದ್ದರೆ ಬಜೆಟ್ಟಿನಲ್ಲಿ ಇಡಲಿ, ಜೂಜಿಗೆ ಜೂಜಿನ ಹೆಸರೇ ಇರಲಿ.

ಸರ್ಕಾರ ನಡೆಸಿದರೆ ಅಕ್ರಮ ಜೂಜು ತಗ್ಗುತ್ತದೆ ಎಂಬ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ನಿಷೇಧವಿರುವ ಕರ್ನಾಟಕದಲ್ಲಿ ಓಸಿ, ಮಟ್ಕಾ ಬದುಕಿಯೇ ಇವೆ. ಆದರೆ ಕೇರಳದ ಅನುಭವವೇ ಈ ವಾದಕ್ಕೆ ಅರ್ಧ ಉತ್ತರ ಕೊಡುತ್ತದೆ. ಅಲ್ಲಿ ‘ಎಳುತ್ತು ಲಾಟರಿ’ ಎಂಬ ಅಕ್ರಮ ದಂಧೆ ಇದೆ. ಎಳುತ್ತು ಅಂದರೆ ಬರಹ. ಸರ್ಕಾರಿ ಲಾಟರಿಯ ಫಲಿತಾಂಶದ ಕೊನೆಯ ಮೂರು ಅಂಕಿಯ ಮೇಲೆ ಸಣ್ಣ ಮೊತ್ತದ ಬಾಜಿ ಬರೆದುಕೊಳ್ಳುತ್ತಾರೆ, ಪೊಲೀಸರು ದಾಳಿ ಮಾಡುತ್ತಲೇ ಇರುತ್ತಾರೆ. ಮಟ್ಕಾ ನಡೆಸುವವನಿಗೆ ದೊಡ್ಡ ಕಷ್ಟವೆಂದರೆ ಸಂಖ್ಯೆಯಲ್ಲಿ ಕೈವಾಡವಿಲ್ಲ ಎಂದು ಗಿರಾಕಿಯನ್ನು ನಂಬಿಸುವುದು. ಗೋರ್ಕಿ ಭವನದ ಪ್ರಾಮಾಣಿಕ ಡ್ರಾ ಆ ಕಷ್ಟವನ್ನು ದಿನಾ ಮೂರು ಗಂಟೆಗೆ ಪುಕ್ಕಟೆಯಾಗಿ ನೀಗಿಸುತ್ತದೆ. ಡ್ರಾ ವಾರಕ್ಕೊಮ್ಮೆ ಇದ್ದಿದ್ದರೆ ಈ ದಂಧೆಗೂ ವಾರಕ್ಕೊಂದೇ ದಿನ ಸಿಗುತ್ತಿತ್ತು.

‘ಸೆಟ್’ ಮಾರಾಟವೂ ಇದರ ತಮ್ಮನೇ. ಕೊನೆಯ ನಾಲ್ಕಂಕಿ ಒಂದೇ ಇರುವ ಟಿಕೆಟ್ಟುಗಳನ್ನು ಬೇರೆ ಬೇರೆ ಸೀರೀಸಿನಿಂದ ಹೆಕ್ಕಿ ಕಟ್ಟಾಗಿ ಮಾರುತ್ತಾರೆ. ಹನ್ನೆರಡರ ಸೆಟ್‌ಗೆ 600 ರೂಪಾಯಿ. ಹೊಡೆದರೆ ಹನ್ನೆರಡೂ ಹೊಡೆಯುತ್ತವೆ, ಇಲ್ಲದಿದ್ದರೆ ಒಂದೂ ಇಲ್ಲ. ಬರುವ ಸರಾಸರಿ ಒಂದು ಪೈಸೆಯೂ ಹೆಚ್ಚುವುದಿಲ್ಲ, ಒಂದೇ ಏಟಿಗೆ ಹೋಗುವ ಹಣ ಮಾತ್ರ ಹನ್ನೆರಡು ಪಟ್ಟಾಗುತ್ತದೆ. ಕೊಳ್ಳಲೇಬೇಕೆನಿಸಿದವರು ಬಿಡಿ ಟಿಕೆಟ್ ಕೊಳ್ಳಲಿ, ಸೆಟ್ ಮುಟ್ಟದಿರಲಿ.

ಹಾಗಾದರೆ ಏನು ಮಾಡಬಹುದು? ಪೂರ್ತಿ ನಿಲ್ಲಿಸುವುದು ಕೇರಳಕ್ಕೆ ಸುಲಭವಿಲ್ಲ. ವರ್ಷಕ್ಕೆ ಹತ್ತು ಸಾವಿರ ಕೋಟಿ ದಾಟುವ ವಹಿವಾಟು, ಅದನ್ನೇ ನಂಬಿದ ದೊಡ್ಡ ಮಾರಾಟಗಾರರ ಪಡೆ. ಆದರೆ ಟಿಕೆಟ್ಟಿನ ಮೇಲೆ ಒಂದು ಸಾಲು ಅಚ್ಚು ಹಾಕುವುದಕ್ಕೆ ಹೊಸ ಕಾಯ್ದೆ ಬೇಕಿಲ್ಲ: ಮೊದಲ ಬಹುಮಾನದ ಸಾಧ್ಯತೆ 1,08,00,000ದಲ್ಲಿ ಒಂದು. ಬ್ರಿಟನ್ನಿನ ರಾಷ್ಟ್ರೀಯ ಲಾಟರಿಯಲ್ಲಿ ಆರು ಸಂಖ್ಯೆ ಹೊಂದುವ ಸಾಧ್ಯತೆ 4,50,57,474ರಲ್ಲಿ ಒಂದು ಎಂದು ಬಹಿರಂಗವಾಗಿಯೇ ಹೇಳುತ್ತಾರೆ. ಸಿಗರೇಟು ಪೊಟ್ಟಣದ ಮೇಲೆ ಎಚ್ಚರಿಕೆ ಹಾಕಿಸುವ ಸರ್ಕಾರಕ್ಕೆ ತಾನೇ ಮಾರುವ ಸರಕಿನ ಮೇಲೆ ಒಂದು ಅಂಕಿ ಹಾಕುವುದು ಕಷ್ಟವಾಗಬಾರದು. ಇದರ ಜೊತೆಗೆ ಡ್ರಾ ದಿನಗಳನ್ನು ಕಡಿಮೆ ಮಾಡಲಿ, ಸಚಿವರು ಬಂಪರ್ ಟಿಕೆಟ್ ಬಿಡುಗಡೆಯ ವೇದಿಕೆಯಿಂದ ಇಳಿಯಲಿ, ಗೆದ್ದವರ ಹೆಸರು ಗುಟ್ಟಾಗಿಡುವುದೇ ನಿಯಮವಾಗಲಿ. 2022ರ ಓಣಂ ಬಂಪರ್ ಗೆದ್ದ ಆಟೊ ಚಾಲಕ, ಸಾಲ ಕೇಳಿ ಬಾಗಿಲಿಗೆ ಬರುವವರ ಕಾಟ ತಾಳಲಾರದೆ, ಗೆಲ್ಲದೇ ಇದ್ದರೇ ಚೆನ್ನಾಗಿತ್ತು ಎಂದು ಎಲ್ಲರೆದುರು ಹೇಳಿಕೊಂಡ ಮೇಲೂ ಗೆದ್ದವರ ಬೆನ್ನುಹತ್ತುವುದು ನಿಂತಿಲ್ಲ.

ಮಾರುವವರ ಮಾತು ಬಾರದೆ ಈ ವಿಮರ್ಶೆ ಮುಗಿಯದು. ಬಿಸಿಲಲ್ಲಿ ಟಿಕೆಟ್ ಹಲಗೆ ಹಿಡಿದು ನಡೆಯುವವರಲ್ಲಿ ವಯಸ್ಸಾದವರು, ಕಣ್ಣು ಕಾಣದವರು, ಕಾಲಿಲ್ಲದವರು ಬಹಳ. ಅವರಿಗೆ ಕ್ಷೇಮನಿಧಿ ಮಂಡಳಿ ಇದೆ, ಪಿಂಚಣಿ ಇದೆ, ಅದು ಸರ್ಕಾರಕ್ಕೆ ಸಲ್ಲಬೇಕಾದ ಮೆಚ್ಚುಗೆ. ಆದರೆ ಅವರು ಟಿಕೆಟ್ಟುಗಳನ್ನು ಮೊದಲೇ ದುಡ್ಡು ಕೊಟ್ಟು ತಂದಿರುತ್ತಾರೆ. ಮಾರಿಹೋಗದೆ ಉಳಿದದ್ದು ಅವರದೇ ನಷ್ಟ. ಅಂಕಿ ತಿದ್ದಿದ, ಕಲರ್ ಝೆರಾಕ್ಸ್ ಮಾಡಿದ ಟಿಕೆಟ್ ಕೊಟ್ಟು ಅವರಿಂದಲೇ ಸಣ್ಣ ಬಹುಮಾನ ವಸೂಲಿ ಮಾಡುವ ದುಷ್ಟರೂ ಇದ್ದಾರೆ, ಆ ನಷ್ಟವೂ ಅವರದೇ. ಮಳೆ ಹಿಡಿದ ದಿನ ಎರಡೂಮುಕ್ಕಾಲಿಗೆ ಕೈಯಲ್ಲಿ ಹತ್ತು ಟಿಕೆಟ್ ಉಳಿದಿದ್ದರೆ ಆ ಹದಿನೈದು ನಿಮಿಷದಲ್ಲಿ ಅವನ್ನು ಮಾರಲೇಬೇಕು. ಮೂರು ಗಂಟೆಯಾದ ಮೇಲೆ ಅವನ್ನು ಕೊಳ್ಳುವವರಿಲ್ಲ, ಹಿಂದಕ್ಕೆ ಪಡೆಯುವವರೂ ಇಲ್ಲ.